ಸ್ಟ್ರಾಂಡ್ ರಸ್ತೆಯ ಇಬ್ಬರು ಫ್ರಾಂಕ್ಲಿನ್‌ರು

ಬೆಳಗಿನಿಂದ ಒಂದೇ ಮನೆತನದ ಹೆಸರು ತಲೆಯಲ್ಲಿ ಸುಳಿಯುತ್ತಿದೆ: ಫ್ರಾಂಕ್ಲಿನ್. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1757ರಿಂದ 1775ರ ನಡುವೆ ಬಹುಕಾಲ ಇದ್ದದ್ದು ಲಂಡನ್ನಿನ ಕ್ರೇವನ್ ಬೀದಿಯಲ್ಲಿ. ಅಲ್ಲಿಂದ ಸ್ಟ್ರಾಂಡ್ ರಸ್ತೆ ಹಿಡಿದು ಸ್ವಲ್ಪ ನಡೆದರೆ ಕಿಂಗ್ಸ್ ಕಾಲೇಜು. ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ 1952ರಲ್ಲಿ ಡಿಎನ್‌ಎಯ ಸುರುಳಿ ರಚನೆಯ ಸುಳಿವು ಕೊಟ್ಟ ಎಕ್ಸ್-ರೇ ಚಿತ್ರ, ‘ಫೋಟೋ 51’, ತೆಗೆದದ್ದು ಅಲ್ಲೇ. ಇಬ್ಬರು ಫ್ರಾಂಕ್ಲಿನ್‌ರಿಗೂ ನೆಂಟಸ್ತಿಕೆಯೇನೂ ಇಲ್ಲ. ರೋಸಲಿಂಡ್ ಲಂಡನ್ನಿನ ಯೆಹೂದಿ ಕುಟುಂಬದ ಮಗಳು.

ಬೆಂಜಮಿನ್‌ರ ಮುಖ ನೂರು ಡಾಲರ್ ನೋಟಿನ ಮೇಲಿದೆ. ರೋಸಲಿಂಡ್‌ರ ಆ ಎಕ್ಸ್-ರೇ ಚಿತ್ರವನ್ನೋ, ಅವರಿಗೆ ತಿಳಿಸದೆಯೇ, ಡಿಎನ್‌ಎಯ ರಚನೆಯನ್ನು ಹುಡುಕುತ್ತಿದ್ದ ಜೇಮ್ಸ್ ವಾಟ್ಸನ್‌ಗೆ ತೋರಿಸಲಾಯಿತು. 1958ರಲ್ಲಿ ತೀರಿಕೊಂಡಾಗ ರೋಸಲಿಂಡ್‌ರ ವಯಸ್ಸು ಬರೀ 37. ಡಿಎನ್‌ಎ ರಚನೆಯ ಶೋಧಕ್ಕೆ ನೊಬೆಲ್ ಬಂದದ್ದು 1962ರಲ್ಲಿ, ವಾಟ್ಸನ್ ಸೇರಿ ಮೂವರು ಗಂಡಸರಿಗೆ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಫ್ರಾಂಕ್ಲಿನ್ ಎಂದರೆ ಈಗ ಮೊದಲು ಕಣ್ಣೆದುರು ಬರುವುದು ರೋಸಲಿಂಡರೇ.