ರಾಖಾ ಮೈನ್ಸ್‌ನಲ್ಲಿ ಇಳಿದು

ಸ್ಟೇಷನ್ ಹೆಸರೇ ರಾಖಾ ಮೈನ್ಸ್. ಟಾಟಾನಗರದಿಂದ ಖರಗ್‌ಪುರದ ಕಡೆ ಹೋಗುವ ಲೋಕಲ್ ರೈಲು ಅಲ್ಲಿ ನಿಂತ ಹಾಗೆ ಮಾಡಿ ಹೊರಟೇಬಿಟ್ಟಿತು. ದೊಡ್ಡಪ್ಪ ಹೇಗೋ ಇಳಿದರು. ನನ್ನ ಒಂದು ಚಪ್ಪಲಿ ಹಳಿಯ ಪಕ್ಕ ಬಿತ್ತು. ಅದನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅವರು ಪ್ಲಾಟ್‌ಫಾರಮ್ಮಿನ ತುದಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ದಕ್ಷಿಣದ ಗುಡ್ಡಗಳನ್ನು ನೋಡುತ್ತಾ ನಿಂತಿದ್ದರು.

"ಆಗ ಇಷ್ಟು ಮನೆ ಇರಲಿಲ್ಲ ಕಣೋ," ಅಂದರು.

ಅವರಿಗೆ ಈಗ ಎಪ್ಪತ್ತೆಂಟು. 1970ರ ದಶಕದಲ್ಲಿ ಮೂರು ವರ್ಷ ಇದೇ ಗುಡ್ಡಗಳಲ್ಲಿ ಟೆಂಟು ಹಾಕಿಕೊಂಡು, ಯುರೇನಿಯಂ ಹುಡುಕುವ ಬೋರ್‌ಹೋಲ್‌ಗಳ ಒಳಗೆ ಏನಿದೆ ಅಂತ ಅಳೆಯುವ ಕೆಲಸ ಮಾಡಿದವರು. ಇನ್ನೊಮ್ಮೆ ನೋಡಬೇಕು ಅಂತ ಹತ್ತು ವರ್ಷದಿಂದ ಹೇಳುತ್ತಲೇ ಇದ್ದರು. ಮಂಡಿ ಪೂರ್ತಿ ಕೈಕೊಡುವ ಮೊದಲು ಹೊರಡೋಣ ಅಂತ ನಾನೇ ಟಿಕೆಟ್ ಮಾಡಿಸಿದೆ.

ಜಾರ್ಖಂಡ್‌ನ ಪೂರ್ವ ಸಿಂಗ್‌ಭೂಮ್ ಜಿಲ್ಲೆ ಇದು. ರಾಖಾ ಅಂದರೆ ತಾಮ್ರದ ಗಣಿ. 2001ರಲ್ಲಿ ಮುಚ್ಚಿತು, ಮತ್ತೆ ತೆರೆಯುವ ಮಾತು ಆಗಾಗ ಏಳುತ್ತದೆ. ಸ್ಟೇಷನ್ನಿಗಂತೂ ಹೆಸರು ಅಂಟಿಕೊಂಡಿದೆ. ಇಲ್ಲಿ ತಾಮ್ರ ತೆಗೆಯುವುದು ಎಷ್ಟು ಹಳೆಯದು ಅಂದರೆ, ಬ್ರಿಟಿಷರು ಬಂದು ನೋಡುವಾಗಲೇ ಹಳೆಯ ಗುಂಡಿಗಳೂ ಕಿಟ್ಟದ ರಾಶಿಗಳೂ ಕಾಡಿನಲ್ಲಿ ಬಿದ್ದಿದ್ದವು. ಆಮೇಲೆ ಕಂಪನಿಗಳು ಬಂದವು, ಹೋದವು. 1924ರಲ್ಲಿ ಶುರುವಾದ ಇಂಡಿಯನ್ ಕಾಪರ್ ಕಾರ್ಪೊರೇಷನ್ ಮಾತ್ರ ನೆಲೆ ನಿಂತಿತು. ಮೊಸಾಬನಿಯಲ್ಲಿ ಗಣಿ, ಘಾಟ್‌ಶಿಲಾ ಪಕ್ಕದ ಮೌಭಂಡಾರ್‌ನಲ್ಲಿ ಕುಲುಮೆ. 1972ರಲ್ಲಿ ಅದು ಸರ್ಕಾರದ ಕೈಗೆ ಬಂತು.

ಹೊಸ ಗಣಿ ಅಂದರೆ ಯಾರೂ ಕಾಲಿಡದ ಜಾಗದಲ್ಲಿ ಸಿಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ದೊಡ್ಡಪ್ಪ ನಕ್ಕರು. "ಹಳೇ ಗುಂಡಿ ಇರೋ ಕಡೆಗೇ ಮೊದಲು ಹೋಗೋದು. ನೆಲ ಬಿರಿದು, ಒಳಗಿಂದ ಬಿಸಿನೀರು ಹರಿದು ತಾಮ್ರ ಕೂತಿದೆ ಅಂದ್ರೆ, ಆ ದಾರೀಲಿ ಇನ್ನೇನೇನು ಕೂತಿದೆಯೋ ಯಾರಿಗೆ ಗೊತ್ತು?" ಆ ಬಿರುಕಿನ ಪಟ್ಟಿ ನೂರೈವತ್ತು ಕಿಲೋಮೀಟರಿಗೂ ಉದ್ದ, ಬಿಲ್ಲಿನ ಹಾಗೆ ಬಾಗಿಕೊಂಡು ಹೋಗುತ್ತದೆ. ತಾಮ್ರ, ಯುರೇನಿಯಂ, ನಿಕ್ಕಲ್, ಮಾಲಿಬ್ಡಿನಂ ಎಲ್ಲ ಅದರಲ್ಲೇ ಸಿಕ್ಕಿದ್ದು. ಎಷ್ಟರಮಟ್ಟಿಗೆ ಅಂದರೆ, ತಾಮ್ರ ತೆಗೆದು ಬಿಸಾಡಿದ ಪುಡಿಯಿಂದಲೂ ಒಂದಷ್ಟು ಕಾಲ ಯುರೇನಿಯಂ ಹಿಂಡಿದರು.

ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಪರಮಾಣು ಖನಿಜ ಹುಡುಕಲು ಒಂದು ಸಣ್ಣ ತಂಡ ಕಟ್ಟಿದರು. ಅವರಿಗೆ ಇಲ್ಲೇ ಹತ್ತಿರದ ಜಾದೂಗುಡದಲ್ಲಿ ಯುರೇನಿಯಂ ಸಿಕ್ಕಿದ್ದು 1951ರಲ್ಲಿ. ಕೈಯಲ್ಲಿ ವಿಕಿರಣ ಪತ್ತೆಹಚ್ಚುವ ಗೈಗರ್ ಕೌಂಟರ್ ಹಿಡಿದು ಗುಡ್ಡ ಗುಡ್ಡ ತಿರುಗುವುದು, ಅದು ಕಟಕಟ ಅಂದಲ್ಲಿ ನಿಲ್ಲುವುದು. ಅಷ್ಟು ಸುಲಭ. ಕಷ್ಟ ಇರುವುದು ಆಮೇಲೆ.

ಆ ಕಷ್ಟ ಏನು ಅಂತ ದೊಡ್ಡಪ್ಪ ವಿವರಿಸಿದ್ದು ಸ್ಟೇಷನ್ ಹೊರಗಿನ ಚಹಾದ ಅಂಗಡಿಯಲ್ಲಿ. ಮಂಡಕ್ಕಿಗೆ ಘುಗ್ನಿ ಕಲಸಿಕೊಟ್ಟಿದ್ದರು. ಅದನ್ನು ಪಕ್ಕಕ್ಕೆ ಸರಿಸಿ, ಹಿಂದಿ ಪೇಪರೊಂದನ್ನು ಮಡಚಿ ಬೆಂಚಿನ ಮೇಲೆ ಓರೆಯಾಗಿ ಹಿಡಿದರು.

"ಇದು ಅದಿರು. ಗುಡ್ಡದ ಮೇಲೆ ಕಾಣೋದು ಈ ಅಂಚು ಮಾತ್ರ. ಉಳಿದಿದ್ದು ಹೀಗೆ ಓರೆಯಾಗಿ ಕೆಳಕ್ಕೆ ಇಳಿದಿರುತ್ತೆ. ಎಷ್ಟು ಆಳ, ಎಷ್ಟು ದಪ್ಪ, ಎಲ್ಲಿ ಹರಿದುಹೋಗಿದೆ, ಏನೂ ಗೊತ್ತಿಲ್ಲ. ಅದಕ್ಕೆ ದೂರ ಹೋಗಿ ಮೇಲಿಂದ ಬೋರು ಹಾಕೋದು." ಚಮಚದ ಹಿಡಿಯಿಂದ ಪೇಪರಿಗೆ ಒಂದು ತೂತು ಮಾಡಿದರು. ಅಂಗಡಿಯವಳು ನೋಡುತ್ತಲೇ ಇದ್ದಳು. ಅದು ಆವತ್ತಿನ ಪೇಪರು.

ಬೋರ್ ಅಂದರೆ ನೀರಿನ ಬೋರ್‌ವೆಲ್ ತರ ಕಲ್ಲನ್ನು ಪುಡಿ ಮಾಡಿ ಮೇಲೆ ಊದುವುದಲ್ಲ. ತುದಿಗೆ ವಜ್ರದ ಚೂರು ಕೂರಿಸಿದ ಕೊಳವೆ ತಿರುಗುತ್ತಾ ಇಳಿಯುತ್ತದೆ. ಕಲ್ಲು ಉದ್ದನೆಯ ಕೋಲಿನ ಹಾಗೆ ಇಡಿಯಾಗಿ ಮೇಲೆ ಬರುತ್ತದೆ. ಅದಕ್ಕೆ ಕೋರ್ ಅನ್ನುತ್ತಾರೆ. ಆಳದ ಲೆಕ್ಕ ಬರೆದು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಆಮೇಲೆ ಆ ತೂತಿನೊಳಗೆ ಕೇಬಲ್ ಕಟ್ಟಿ ಒಂದು ಕೋವಿಯಷ್ಟು ಉದ್ದದ ಅಳತೆಯ ಸಾಧನ ಇಳಿಬಿಡುತ್ತಾರೆ. ಎಲ್ಲೆಲ್ಲಿ ಗಾಮಾ ಕಿರಣ ಜಾಸ್ತಿ ಅಂತ ಅದು ಬರೆದುಕೊಳ್ಳುತ್ತದೆ. ದೊಡ್ಡಪ್ಪನ ಕೆಲಸ ಇದೇ.

ಇಲ್ಲೊಂದು ಮೋಸ ಇದೆ. ಗಾಮಾ ಕಿರಣ ಬರುವುದು ಹೆಚ್ಚಾಗಿ ಯುರೇನಿಯಂನಿಂದ ಅಲ್ಲ, ಅದು ಸವೆದು ಸವೆದು ಹುಟ್ಟಿದ ಮಕ್ಕಳು ಮೊಮ್ಮಕ್ಕಳಿಂದ. ನೀರು ಹರಿದು ತಾಯಿಯನ್ನು ಬೇರೆ ಕಡೆ ಒಯ್ದಿದ್ದರೆ, ಸಾಧನ ಮನೆ ತುಂಬ ಗಲಾಟೆ ಕೇಳಿಸಿಕೊಳ್ಳುತ್ತದೆ, ಮನೆಯೊಡತಿ ಮಾತ್ರ ಇರುವುದಿಲ್ಲ. ಅದಕ್ಕೇ ಕೋರನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಲ್ಯಾಬಿಗೆ ಕಳಿಸಿ ತಾಳೆ ನೋಡುವುದು. ಹೀಗೆ ನೂರಾರು ಬೋರ್‌ಗಳ ಲೆಕ್ಕ ಕೂಡಿಸಿದ ಮೇಲೂ ಯಾರಿಗೂ ಪೂರ್ತಿ ಧೈರ್ಯ ಇರುವುದಿಲ್ಲ. ಜಾದೂಗುಡದಲ್ಲಿ 1957ರಲ್ಲಿ ಪರೀಕ್ಷೆಗೆಂದೇ ಸುರಂಗ ಕೊರೆದು ನೋಡಿದರು. ಗಣಿ ನಡೆಸುವ ಸರ್ಕಾರಿ ಯುರೇನಿಯಂ ಕಾರ್ಪೊರೇಷನ್ ಹುಟ್ಟಿದ್ದು 1967ರಲ್ಲಿ. ಅದಿರು ಅರೆಯುವ ಗಿರಣಿ ತಿರುಗಿದ್ದು 1968ಕ್ಕೆ. ಸಿಕ್ಕಿದ್ದಕ್ಕೂ ತೆಗೆದಿದ್ದಕ್ಕೂ ನಡುವೆ ಹದಿನೇಳು ವರ್ಷ.

ಆಟೋ ಮಾಡಿಕೊಂಡು ಜಾದೂಗುಡದ ಕಡೆ ಹೊರಟೆವು. ಸಾಲ್ ಮರದ ಕಾಡು, ನಡುನಡುವೆ ಸಂತಾಲರ ಹಳ್ಳಿಗಳು. ಮಣ್ಣಿನ ಗೋಡೆ, ಆದರೆ ಎಷ್ಟು ನುಣುಪು, ಎಷ್ಟು ಚೊಕ್ಕ! ಮೊದಲು ರಂಕಿಣಿ ದೇವಿಯ ಗುಡಿ ನೋಡೋಣ ಅಂತ ಊರು ದಾಟಿ ಹೋದೆವು. ರಸ್ತೆಯ ಪಕ್ಕದಲ್ಲೇ ಗುಡಿ, ದೇವಿ ಇರುವುದು ಕಲ್ಲಿನ ರೂಪದಲ್ಲಿ. ಲಾರಿಯವರು ನಿಂತು ಕೈಮುಗಿದೇ ಮುಂದೆ ಹೋಗುವುದು. ದೊಡ್ಡಪ್ಪ ತೆಂಗಿನಕಾಯಿ ಒಡೆಸಿದರು. ಮನೆಯಲ್ಲಿ ಇವರು ದೇವರ ಕೋಣೆಯ ಕಡೆ ತಲೆ ಹಾಕಿದ್ದನ್ನು ನಾನು ಕಂಡಿಲ್ಲ. "ಆಗ ಪ್ರತಿ ಹೊಸ ಬೋರಿಗೂ ಮೊದಲು ಇಲ್ಲಿಗೆ ಬಂದು ಒಡೀತಿದ್ವಿ. ಡ್ರಿಲ್ಲರ್ ಬಿಡ್ತಿರಲಿಲ್ಲ," ಅಂದರು, ನಾನು ಕೇಳದೆಯೇ.

ಗಣಿಯ ಒಳಗೆ ಬಿಡುವುದಿಲ್ಲ ಅಂತ ಗೊತ್ತಿದ್ದೇ ಬಂದಿದ್ದೆವು. ಗೇಟಿನ ಹೊರಗಿಂದ ಶಾಫ್ಟಿನ, ಅಂದರೆ ಗಣಿಗೆ ನೇರ ಇಳಿಯುವ ಬಾವಿಯ, ಮೇಲಿನ ಎತ್ತರದ ಗೋಪುರ ಕಾಣುತ್ತದೆ. ಫೋಟೋ ತೆಗೆಯುವ ಹಾಗಿಲ್ಲ, ನಾವು ತೆಗೆಯಲೂ ಇಲ್ಲ. ಶಾಫ್ಟು 640 ಮೀಟರ್ ಆಳ. ಅದು ಸಾಲದೆ 555 ಮೀಟರ್ ಮಟ್ಟದಿಂದ ಇನ್ನೊಂದು ಶಾಫ್ಟ್ ತೆಗೆದು 905 ಮೀಟರಿಗೆ ಇಳಿದರು. ಹತ್ತಿರದ ನರವಾ ಪಹಾಡ್ ಗಣಿಗೆ ಬೇರೆಯದೇ ರೀತಿ, ಇಳಿಜಾರು ಸುರಂಗದಲ್ಲಿ ಗಾಡಿಗಳೇ ಒಳಗೆ ಇಳಿಯುತ್ತವೆ. ಬಂದುಹುರಾಂಗ್‌ನಲ್ಲಿ ನೆಲವನ್ನೇ ಬಗೆದು ತೆಗೆಯುತ್ತಾರೆ. ಒಂದೇ ಪಟ್ಟಿ, ಆಟ ಬೇರೆ ಬೇರೆ.

ಗೋಪುರ ನೋಡುತ್ತಾ ನಾನು ಸುಮ್ನೆ ಕೇಳಿದೆ: "ದೊಡ್ಡಪ್ಪ, ಒಂದು ಟನ್ ಕಲ್ಲು ಮೇಲೆ ಬಂದರೆ ಎಷ್ಟು ಯುರೇನಿಯಂ ಸಿಗುತ್ತೆ?"

"ಅರ್ಧ ಕೆಜಿ ಆಸುಪಾಸು. ಕೆನಡಾದಲ್ಲಿ ಟನ್ನಿಗೆ ನೂರು ಕೆಜಿ ದಾಟೋ ಗಣಿ ಇದೆ. ನಮ್ಮ ಯಾದಗಿರಿಯ ಗೋಗಿ ಅದಿರೂ ಇದಕ್ಕಿಂತ ವಾಸಿ."

ಗೋಗಿಯಲ್ಲಿ ಊರಿನವರು ಬೇಡ ಅನ್ನುತ್ತಿರುವುದು ನನಗೆ ಗೊತ್ತಿತ್ತು. ಯಾಕೆ ಅನ್ನುವುದು ಇಲ್ಲಿಯ ಲೆಕ್ಕದಲ್ಲೇ ಇದೆ. ಕಲ್ಲನ್ನು ಹಿಟ್ಟಿನಂತೆ ಅರೆದು, ಗಂಧಕಾಮ್ಲದಲ್ಲಿ ಯುರೇನಿಯಂ ಕರಗಿಸಿ, ಕೊನೆಗೆ ಹಳದಿ ಪುಡಿ ಮಾಡಿ ಹೈದರಾಬಾದಿನ ಇಂಧನ ಕಾರ್ಖಾನೆಗೆ ಕಳಿಸುತ್ತಾರೆ. ಹೋಗುವುದು ಆ ಅರ್ಧ ಕೆಜಿ. ಉಳಿದ ಒಂಬೈನೂರ ತೊಂಬತ್ತೊಂಬತ್ತೂವರೆ ಕೆಜಿ ಇಲ್ಲೇ. ದಪ್ಪ ಮರಳನ್ನು ಗಣಿಯ ಖಾಲಿ ಜಾಗಕ್ಕೆ ವಾಪಸ್ ತುಂಬುತ್ತಾರೆ. ನುಣ್ಣನೆಯ ಕೆಸರಿಗೆ ಸುಣ್ಣ ಬೆರೆಸಿ ಪೈಪಿನಲ್ಲಿ ಟೈಲಿಂಗ್ ಪಾಂಡಿಗೆ ಬಿಡುತ್ತಾರೆ. ಯುರೇನಿಯಂ ಹೋದರೂ ಅದರ ಮಕ್ಕಳಾದ ರೇಡಿಯಂ ಮುಂತಾದವು ಆ ಕೆಸರಿನಲ್ಲೇ ಉಳಿದಿರುತ್ತವೆ.

ಪಾಂಡ್ ಅಂದರೆ ಕೆರೆಯ ಚಿತ್ರ ಮನಸ್ಸಿಗೆ ಬರುತ್ತದೆ. ದೂರದಿಂದ ಕಂಡದ್ದು ಬೂದು ಬಣ್ಣದ ಬಯಲು. ಸುತ್ತ ಗುಡ್ಡ, ತೆರೆದ ಕಡೆ ಒಡ್ಡು. ಬೇಲಿಯ ಮೇಲೆ ಎಚ್ಚರಿಕೆಯ ಫಲಕ. ಬೇಲಿಯ ಈಚೆ ಎರಡು ಮೇಕೆ, ಅವುಗಳ ಹಿಂದೆ ಒಬ್ಬ ಮುದುಕ. ತಿಲಾಯ್‌ಟಾಂಡ್ ಅಲ್ಲೇ ಹತ್ತಿರದ ಹಳ್ಳಿ. ಆಟೋದವನು ಅವನ ಜೊತೆ ಸಂತಾಲಿಯಲ್ಲಿ ಮಾತಾಡಿ ನಮಗೆ ಹಿಂದಿಯಲ್ಲಿ ಹೇಳಿದ. ಮುದುಕನ ಜಮೀನು ಹೋಗಿದ್ದು ಗಣಿಗೆ. ಮಗನಿಗೆ ಕೆಲಸ ಸಿಕ್ಕಿದ್ದು ಗಣಿಯಲ್ಲಿ. ಸೊಸೆಗೆ ಮೂರು ಸಲ ಗರ್ಭ ನಿಲ್ಲಲಿಲ್ಲ. ಕಾರಣ ಇದೇ ಅಂತ ಅವನಿಗೆ ಅನುಮಾನವೇ ಇಲ್ಲ. ಗಣಿ ಮುಚ್ಚಬೇಕಾ ಅಂದರೆ ಅದೂ ಬೇಡ.

ಈ ಜಗಳ ಹಳೆಯದು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2004ರಲ್ಲಿ ವಜಾ ಆಯಿತು. 2006ರ ಡಿಸೆಂಬರಿನಲ್ಲಿ ಕೆಸರಿನ ಪೈಪ್ ಒಡೆದು ತೊರೆಗೆ ಹರಿಯಿತು. 2007ರಲ್ಲಿ ವೈದ್ಯರ ಸಂಘಟನೆಯೊಂದು ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿ, ಹುಟ್ಟುವಾಗಲೇ ಬರುವ ಅಂಗವಿಕಲತೆ ಇಲ್ಲಿ ಜಾಸ್ತಿ ಅಂತ ಹೇಳಿತು. ಅದಿರೇ ಇಷ್ಟು ತೆಳು, ವಿಕಿರಣ ಮಿತಿಯೊಳಗೇ ಇದೆ ಅನ್ನುವುದು ಯುರೇನಿಯಂ ಕಾರ್ಪೊರೇಷನ್ನಿನ ಉತ್ತರ. ನನಗೆ ಆ ಉತ್ತರ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಿರು ತೆಳುವಾದಷ್ಟೂ ಬೂದು ಬಯಲು ದೊಡ್ಡದಾಗುತ್ತದೆ, ಅಲ್ವಾ?

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಮ್ಯಾಪಿನಲ್ಲಿ ಬೋರು ಇತ್ತು, ಅದಿರು ಇತ್ತು, ನಾಲೆ ಇತ್ತು. ಇದನ್ನ ಎಲ್ಲಿ ಹಾಕ್ತಾರೆ ಅಂತ ಜಾಗ ಇರಲಿಲ್ಲ ನೋಡು," ಅಂದರು. "ನಾವೂ ಕೇಳಲಿಲ್ಲ."

ರಾತ್ರಿ ಘಾಟ್‌ಶಿಲಾದಲ್ಲಿ ಉಳಿದೆವು. ಲಾಡ್ಜಿನಲ್ಲಿ ಕರೆಂಟ್ ಇರಲಿಲ್ಲ, ಸೊಳ್ಳೆ ಮಾತ್ರ ಧಾರಾಳ. ಬೆಳಿಗ್ಗೆ ರೈಲಿಗೆ ಇನ್ನೂ ಹೊತ್ತಿತ್ತು, ಸುವರ್ಣರೇಖಾ ನದಿಗೆ ಹೋದೆವು. ಬಂಡೆಗಳ ನಡುವೆ ನೀರು ಕಡಿಮೆ. ಒಬ್ಬ ಹೆಂಗಸು ಮೊಣಕಾಲು ಮಟ್ಟದ ನೀರಿನಲ್ಲಿ ಕೂತು ಮರದ ತಟ್ಟೆಯಲ್ಲಿ ಮರಳು ಜಾಲಿಸುತ್ತಿದ್ದಳು. ನದಿಯ ಹೆಸರೇ ಹೇಳುವ ಹಾಗೆ ಈ ಮರಳಿನಲ್ಲಿ ಚಿನ್ನದ ಕಣ ಇದೆ, ಅದನ್ನು ನಂಬಿ ಬದುಕುವವರು ಈಗಲೂ ಇದ್ದಾರೆ. ತಟ್ಟೆ ತಿರುಗಿಸುತ್ತಾಳೆ, ತಳದಲ್ಲಿ ಕಪ್ಪು ಮರಳಿನ ಒಂದು ಗೆರೆ ಉಳಿಯುತ್ತದೆ, ಬಗ್ಗಿ ನೋಡುತ್ತಾಳೆ, ಉಳಿದಿದ್ದನ್ನು ಹೊಳೆಗೇ ಚೆಲ್ಲುತ್ತಾಳೆ.

"ದೀದಿ, ದಿನಕ್ಕೆ ಎಷ್ಟು ತಟ್ಟೆ?" ದೊಡ್ಡಪ್ಪ ತಮ್ಮ ಹಳೆಯ ಹಿಂದಿಯಲ್ಲಿ ಕೇಳಿದರು.

ಅವಳು ನಕ್ಕಳು. ಯಾರು ಎಣಿಸುತ್ತಾರೆ ಅನ್ನುವ ಹಾಗೆ ಕೈ ಆಡಿಸಿದಳು.

ದೊಡ್ಡಪ್ಪ ಒಂದು ಬಂಡೆಯ ಮೇಲೆ ಕೂತು ತಾವೇ ಎಣಿಸತೊಡಗಿದರು. ಹದಿನೇಳಕ್ಕೆ ಬಂದಾಗ ಮೇಲಿನ ರಸ್ತೆಯಿಂದ ಆಟೋದವನು ಹಾರ್ನ್ ಹೊಡೆದ.