ಅಪ್ಪ ಕಿಟಕಿ ತೆರೆದ ರಾತ್ರಿ

ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ರಾತ್ರಿ ಎರಡು ಮೂರು ಸಲ ಏಳಬೇಕು. ಇಬ್ಬರೂ ಶಿರಸಿಯಿಂದ ಆಸ್ಟಿನ್‌ಗೆ ಬಂದು ಎರಡು ತಿಂಗಳಾಗಿತ್ತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ತೋರಿಸಬೇಕು ಅಂತ ನನಗೆ ಬಹಳ ವರ್ಷದಿಂದ ಆಸೆ. ಟೆಂಟ್ ಸಾಧ್ಯವೇ ಇರಲಿಲ್ಲ. ಪಾರ್ಕಿನ ಒಳಗಿನ ಲಾಡ್ಜ್‌ಗಳ ಬೆಲೆ ಕೇಳಿ ಸುಮ್ಮನಾದೆವು. ಹೊರಗೆ ಉಳಿದರೆ ದಿನಾ ಗಂಟೆಗಟ್ಟಲೆ ಓಡಾಟ. ಹಾಗಾಗಿ ಮೋಟಾರ್‌ಹೋಮ್, ಅಂದರೆ ಓಡುವ ಮನೆ. ಹಾಸಿಗೆಯಿಂದ ನಾಲ್ಕು ಹೆಜ್ಜೆಗೆ ಬಚ್ಚಲು, ಪಕ್ಕದಲ್ಲೇ ಒಲೆ. ಸಾಲ್ಟ್ ಲೇಕ್ ಸಿಟಿಯಲ್ಲಿ 25 ಅಡಿ ಉದ್ದದ್ದೊಂದನ್ನು ಬಾಡಿಗೆಗೆ ಹಿಡಿದೆವು.

ಗಾಡಿಗಿಂತ ಮೊದಲು ಮಾಡಬೇಕಾದ ಕೆಲಸ ಪಾರ್ಕಿನೊಳಗೆ ರಾತ್ರಿ ಗಾಡಿ ನಿಲ್ಲಿಸಲು ಜಾಗ ಹಿಡಿಯುವುದು. ಇದನ್ನು ಹಿಂದಿನ ವರ್ಷವೇ ಶುರು ಮಾಡಿದ್ದೆ. ನಕ್ಷೆ ಹರಡಿಕೊಂಡು ಕೂತರೆ ತಲೆ ತಿರುಗುತ್ತದೆ. ಸ್ಲೌ ಕ್ರೀಕ್, ಇಂಡಿಯನ್ ಕ್ರೀಕ್‌ನಂಥ ಚಿಕ್ಕ ಜಾಗಗಳಲ್ಲಿ ಜನರೇಟರ್ ಹಾಕುವ ಹಾಗೇ ಇಲ್ಲ. ಗ್ರಾಂಟ್ ವಿಲೇಜ್, ಕ್ಯಾನ್ಯನ್, ಬ್ರಿಡ್ಜ್ ಬೇ, ಮ್ಯಾಡಿಸನ್, ಇವು ದೊಡ್ಡವು. ಜನರೇಟರ್ ಹಾಕಬಹುದು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಗಾಡಿಗೆ ಕರೆಂಟು, ನೀರು, ಕೊಳೆನೀರಿನ ಪೈಪು ಮೂರನ್ನೂ ಜೋಡಿಸಿಕೊಳ್ಳುವ ವ್ಯವಸ್ಥೆ ಇರುವುದು ಇಡೀ ಪಾರ್ಕಿನಲ್ಲಿ ಒಂದೇ ಕಡೆ, ಫಿಶಿಂಗ್ ಬ್ರಿಡ್ಜ್‌ನಲ್ಲಿ. ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಟೆಂಟ್ ಬೇಡ, ಬಟ್ಟೆಯ ಗೋಡೆ ಬಿಚ್ಚುವ ಟ್ರೈಲರ್ ಕೂಡ ಬೇಡ. ಕಾರಣ ಗ್ರಿಜ್ಲಿ ಕರಡಿ.

ನನಗೆ ಐದೂ ರಾತ್ರಿ ಅಲ್ಲೇ ಬೇಕಿತ್ತು. ವಯಸ್ಸಾದವರು ಜೊತೆಗಿದ್ದಾರೆ, ಹೀಟರ್ ಬೇಕು, ಕರೆಂಟು ಇಲ್ಲದೆ ಹೇಗೆ ಅನ್ನೋದು ನನ್ನ ವಾದ. ಹೆಂಡತಿ ನಕ್ಷೆಯ ಮೇಲೆ ಬೆರಳಿಟ್ಟು ಬೇರೆ ಲೆಕ್ಕ ಹೇಳಿದಳು. ಫಿಶಿಂಗ್ ಬ್ರಿಡ್ಜ್‌ನಿಂದ ಬಿಸಿನೀರು ಚಿಮ್ಮುವ ಓಲ್ಡ್ ಫೇತ್‌ಫುಲ್‌ಗೆ 38 ಮೈಲಿ, ಅದೂ ಘಟ್ಟದ ದಾರಿ. ಮ್ಯಾಡಿಸನ್‌ನಿಂದ 16 ಮೈಲಿ. ಪಾರ್ಕಿನಲ್ಲಿ ಗಂಟೆಗೆ 45 ಮೈಲಿಗಿಂತ ಜಾಸ್ತಿ ಓಡಿಸುವ ಹಾಗಿಲ್ಲ, ಕಾಡೆಮ್ಮೆ (ಬೈಸನ್) ಅಡ್ಡ ಬಂದರೆ ಅದೂ ಇಲ್ಲ. ಬೇರೆ ಕಾರು ನಮ್ಮ ಹತ್ತಿರ ಇಲ್ಲವಲ್ಲ. ಬೆಳಿಗ್ಗೆ ಹೊರಡೋದು ಅಂದ್ರೆ ಮನೆಯನ್ನೇ ಎತ್ತಿಕೊಂಡು ಹೊರಟ ಹಾಗೆ. ಪಾತ್ರೆ ಒಳಗಿಡಬೇಕು, ಕಪಾಟಿಗೆ ಚಿಲಕ ಹಾಕಬೇಕು, ಪೈಪು ಸುತ್ತಬೇಕು. ನಾನು ಒಪ್ಪಲಿಲ್ಲ. ಆದರೆ ಫಿಶಿಂಗ್ ಬ್ರಿಡ್ಜ್‌ನಲ್ಲಿ ಕೊನೆಯ ಎರಡು ರಾತ್ರಿ ಮಾತ್ರ ಸಿಕ್ಕಿತು. ಮೊದಲ ಮೂರು ರಾತ್ರಿ ಮ್ಯಾಡಿಸನ್.

ಸೆಪ್ಟೆಂಬರ್ ಮೂರನೇ ವಾರ ಹೊರಟೆವು. ವೆಸ್ಟ್ ಯೆಲ್ಲೋಸ್ಟೋನ್ ಗೇಟಿನಿಂದ ಮ್ಯಾಡಿಸನ್ 14 ಮೈಲಿ. ಪೈನ್ ಮರಗಳ ನಡುವೆ ನಮ್ಮ ಜಾಗ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಗಿಬ್ಬನ್ ಮತ್ತು ಫೈರ್‌ಹೋಲ್ ನದಿ ಸೇರಿ ಮ್ಯಾಡಿಸನ್ ನದಿ ಆಗುವುದು ಅಲ್ಲೇ ಹತ್ತಿರದಲ್ಲಿ. ಸಂಗಮ ಅಂದ ಕೂಡಲೇ ಅಪ್ಪ ಹೋಗಿ ಕೈಕಾಲು ತೊಳೆದು ಬಂದರು. ಅಮ್ಮ ಅಕ್ಕಿ ತೊಳೆದ ನೀರನ್ನು ಬಾಗಿಲಿಂದ ಹೊರಗೆ ಚೆಲ್ಲಲು ಹೋದಳು. ಅರವತ್ತು ವರ್ಷದ ಅಭ್ಯಾಸ, ಗಿಡದ ಬುಡಕ್ಕೆ ಹಾಕುವುದು. ಇಲ್ಲಿ ಹಾಗೆ ಮಾಡುವಂತಿಲ್ಲ. ಅನ್ನದ ವಾಸನೆಗೂ ಪ್ರಾಣಿ ಬರುತ್ತದೆ. ಊಟ, ಪಾತ್ರೆ, ಕಸದ ಚೀಲ ಯಾವುದನ್ನೂ ಮೇಜಿನ ಮೇಲೆ ಬಿಟ್ಟು ಹೋಗುವಂತಿಲ್ಲ. ತೊಳೆದ ನೀರೆಲ್ಲ ಗಾಡಿಯ ಟ್ಯಾಂಕಿಗೆ, ಟ್ಯಾಂಕು ತುಂಬಿದರೆ ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್ನಿಗೆ. ಅಮ್ಮ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡಳು. ಮುಂದಿನ ದಿನಗಳಲ್ಲಿ ನಾನು ಮರೆತರೆ ಅವಳೇ ನೆನಪಿಸುತ್ತಿದ್ದಳು.

ಮಲಗುವ ಮೊದಲು ಹೀಟರನ್ನು 72 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 22 ಸೆಲ್ಸಿಯಸ್‌ಗೆ ಇಟ್ಟೆ. ಅದು ಉರಿಯುವುದು ಗ್ಯಾಸಿನಲ್ಲಿ, ಆದರೆ ಬಿಸಿಗಾಳಿ ಊದುವ ಫ್ಯಾನು ಬ್ಯಾಟರಿಯದ್ದು. ಹೊರಗೆ ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಚಳಿ. ಫ್ಯಾನು ನಿಲ್ಲದೆ ಓಡಿದೆ. ಸಂಜೆಯಿಂದ ದೀಪ, ನೀರಿನ ಪಂಪು, ನಾಲ್ಕು ಫೋನು ಎಲ್ಲ ಅದೇ ಬ್ಯಾಟರಿ ಕುಡಿದಿದ್ದವು. ರಾತ್ರಿ ಮೂರು ಗಂಟೆಗೆ ಟಿಕ್, ಟಿಕ್ ಅಂತ ಸಣ್ಣ ಶಬ್ದ. ಬ್ಯಾಟರಿ ಇಳಿದಿದೆ ಅಂತ ಗ್ಯಾಸ್ ಸೋರಿಕೆ ನೋಡುವ ಯಂತ್ರ ಕೂಗುತ್ತಿತ್ತು. ಹೀಟರ್ ನಿಂತಿತ್ತು. ದೀಪದ ಗುಂಡಿ ಒತ್ತಿದರೆ ಮಂಕಾಗಿ ಹತ್ತಿ ಆರಿತು. ಜನರೇಟರ್ ಹಾಕಲು ಇನ್ನೂ ಐದು ಗಂಟೆ ಕಾಯಬೇಕು.

ನನಗೆ ನಿಜಕ್ಕೂ ಹೆದರಿಕೆ ಆಯಿತು. ಅಪ್ಪನಿಗೆ ಎಪ್ಪತ್ನಾಲ್ಕು. ಇದ್ದ ಕಂಬಳಿ, ಸ್ವೆಟರು, ಜಮಖಾನೆ ಎಲ್ಲ ಅವರಿಬ್ಬರ ಮೇಲೆ ಹೊದಿಸಿದೆ. ಅಮ್ಮ ಎದ್ದೇಬಿಟ್ಟಳು. ಫೋನಿನ ಬೆಳಕಿನಲ್ಲಿ ಕಿಟಕಿ ಚೂರು ಸರಿಸಿ, ಲೈಟರಿನಿಂದ ಒಲೆ ಹಚ್ಚಿ, ಊರಿಂದ ತಂದಿದ್ದ ಕೊತ್ತಂಬರಿ ಜೀರಿಗೆ ಪುಡಿ ಹಾಕಿ ಕಷಾಯ ಮಾಡಿದಳು. ಪಂಪು ಇಲ್ಲದ್ದಕ್ಕೆ ಬಾಟಲಿ ನೀರು. ನಾಲ್ಕೂ ಜನ ಒಂದೇ ಹಾಸಿಗೆಯ ಮೇಲೆ, ಮಂಡಿಗೆ ಮಂಡಿ ತಾಗಿಸಿ ಕೂತು ಕುಡಿದೆವು. ಲೋಟದ ಬಿಸಿ ಕೈಗೆ ತಾಗಿದಾಗ ಅಪ್ಪ ಕಣ್ಣು ಮುಚ್ಚಿದ್ದು ಇನ್ನೂ ನೆನಪಿದೆ.

ಆಗ ಕೇಳಿಸಿತು. ಮೊದಲು ಕೆಳಗಿನ ಸ್ವರ, ಆಮೇಲೆ ಮೇಲಕ್ಕೆ ಏರಿ ಏರಿ ಸೀಳಿದ ಸಿಳ್ಳೆ, ಕೊನೆಗೆ ಎರಡು ಗುಟುರು. ಹೊಳೆಯ ಆಚೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಎಲ್ಕ್, ಕಡವೆಯಂಥ ದೊಡ್ಡ ಜಿಂಕೆ. ಸೆಪ್ಟೆಂಬರ್ ಅವುಗಳ ಬೆದೆಯ ಕಾಲ. ಗಂಡುಗಳು ಹೀಗೆ ರಾತ್ರಿಯಿಡೀ ಸವಾಲು ಹಾಕುತ್ತವೆ. ಅಪ್ಪ ಲೋಟ ಕೆಳಗಿಟ್ಟರು. "ಕಡವೆ ಹೀಗೆ ಕೂಗೋದಿಲ್ಲ. ಕಡವೆಯದ್ದು ಒಂದೇ ಏಟು. ಇದು ಕೀಲಿಗೆ ಎಣ್ಣೆ ಕಾಣದ ಬಾಗಿಲು ತೆಗೆದ ಹಾಗಿದೆ" ಅಂದರು. ತೋಟ ಕಾಯಲು ಮಾಳದಲ್ಲಿ ಮಲಗುತ್ತಿದ್ದ ದಿನಗಳ ಮಾತು ಶುರುವಾಯಿತು. ಅವರ ಅಪ್ಪ ಲಾಂದ್ರ ಹಿಡಿದು ಬರುತ್ತಿದ್ದದ್ದು, ಅಡಿಕೆ ಮರದ ಸಂದಿಯಲ್ಲಿ ಕಣ್ಣು ಹೊಳೆದದ್ದು. ನಾನು ಈವರೆಗೆ ಕೇಳಿರದ ಕಥೆಗಳು. ಬೆಳಕು ಹರಿಯುವವರೆಗೂ ಯಾರೂ ಮಲಗಲಿಲ್ಲ.

ಏಳಕ್ಕೆ ಹೊರಟೆವು. ಓಡುವಾಗ ಗಾಡಿಯೇ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಫೈರ್‌ಹೋಲ್ ಉದ್ದಕ್ಕೂ ಹಬೆ ಏಳುತ್ತಿತ್ತು. ಮಿಡ್‌ವೇ ಗೀಸರ್ ಬೇಸಿನ್‌ನಲ್ಲಿ ಆ ಹೊತ್ತಿಗೆ ಗಾಡಿ ನಿಲ್ಲಿಸಲು ಆರಾಮಾಗಿ ಜಾಗ ಸಿಕ್ಕಿತು. ಮಧ್ಯಾಹ್ನ ವಾಪಸು ಬರುವಾಗ ಅದೇ ಜಾಗಕ್ಕೆ ರಸ್ತೆವರೆಗೂ ಸಾಲು. ಓಲ್ಡ್ ಫೇತ್‌ಫುಲ್ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಅಮ್ಮ ಕಾಯುತ್ತ ಅವಲಕ್ಕಿ ತಿಂದಳು, ಎರಡನೇ ಸಲಕ್ಕೂ ಕೂತಳು. ಮೊದಲ ಸಾಲಿನ ಬೆಂಚು, ಮಂಡಿಗೆ ಕಷ್ಟವಿಲ್ಲ. ಹೆಂಡತಿಯ ಲೆಕ್ಕ ಸರಿಯಿತ್ತು ಅಂತ ಅಲ್ಲೇ ಅವಳಿಗೆ ಹೇಳಿದೆ. ನಾನು ಪ್ಲಗ್ಗಿನ ತೂತು ಎಣಿಸುತ್ತಿದ್ದೆ. ಅವಳು ಅಮ್ಮನ ಬೆಳಗಿನ ಹೊತ್ತು ಎಣಿಸಿದ್ದಳು.

ಉಳಿದೆರಡು ರಾತ್ರಿ ತೊಂದರೆಯಾಗಲಿಲ್ಲ. ಸಂಜೆ ಏಳರಿಂದ ಎಂಟರವರೆಗೆ ಜನರೇಟರ್, ಹೀಟರ್ 58ಕ್ಕೆ (ಸುಮಾರು 14 ಸೆಲ್ಸಿಯಸ್), ಆಮೇಲೆ ಹತ್ತಿರದ ಊರಲ್ಲಿ ಕೊಂಡ ಎರಡು ದಪ್ಪ ಕಂಬಳಿ. ಅಷ್ಟೇ ಸಾಕಾಯಿತು.

ಆಮೇಲೆ ಫಿಶಿಂಗ್ ಬ್ರಿಡ್ಜ್. ಅಲ್ಲಿಂದ ಹೇಡನ್ ಕಣಿವೆ ಹತ್ತಿರ, ಕಾಡೆಮ್ಮೆ ನೋಡಲು ಅದಕ್ಕಿಂತ ಒಳ್ಳೆಯ ನೆಲೆ ಇನ್ನೊಂದಿಲ್ಲ ಅನ್ನಿಸಿತು. ಗಾಡಿ ಜೋಡಿಸಿದ ಕೂಡಲೇ ಎಲ್ಲರೂ ಬಿಸಿನೀರು ಸ್ನಾನ ಮಾಡಿದರು. ಸಂಜೆ ಸೇತುವೆಗೆ ನಡೆದು ಹೋದೆವು. ಹೆಸರು ಹಾಗಿದ್ದರೂ 1973ರಿಂದ ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಕಟ್‌ಥ್ರೋಟ್ ಟ್ರೌಟ್ ಮೀನು ಮೊಟ್ಟೆಯಿಡುವ ಜಾಗ ಅದು. ಅಪ್ಪ ಕಂಬಿಗೆ ಎದೆಯೊತ್ತಿ ನೀರನ್ನೇ ನೋಡುತ್ತ ನಿಂತಿದ್ದರು.

ಆ ರಾತ್ರಿ ಹೀಟರ್ ಬೆಚ್ಚಗೆ ಗುಂಯ್‌ಗುಡುತ್ತಿತ್ತು. ಎಷ್ಟು ಹೊತ್ತಿಗೋ ಚಳಿಗಾಳಿ ಮುಖಕ್ಕೆ ಬಡಿದು ಎಚ್ಚರವಾಯಿತು. ಶಬ್ದವೇ ಇಲ್ಲ. ಮತ್ತೆ ಬ್ಯಾಟರಿ ಹೋಯಿತಾ ಅಂತ ಎದ್ದು ಕೂತೆ. ಅಪ್ಪ ಹೀಟರ್ ಆರಿಸಿ, ಕಂಬಳಿ ಹೊದ್ದು, ಕಿಟಕಿ ಪೂರ್ತಿ ತೆರೆದು ಕೂತಿದ್ದರು.

"ಏನಾಯ್ತು ಅಪ್ಪಾ?"

"ಇಲ್ಲೂ ಕೂಗ್ತವಾ ಅಂತ ನೋಡ್ತಾ ಇದ್ದೆ" ಅಂದರು.

ನಾನು ಕಂಬಳಿಯ ಇನ್ನೊಂದು ತುದಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.