ಮೇವು ಹಾಕುವವರ ಮಾತು

ನಾನು ದನದ ಡಾಕ್ಟ್ರು. ಬೆಳಗಿನ ಜಾವ ಮೂರು ಗಂಟೆಗೆ ಫೋನ್ ಬಂದರೂ ನಾನು ಮೊದಲು ಹೇಳುವುದು ಇದೇ: "ಕೊಟ್ಟಿಗೆ ನೋಡಿಕೊಳ್ಳೋರ ಕೈಗೆ ಫೋನ್ ಕೊಡಿ." ಯಜಮಾನರಿಗೆ ಒಮ್ಮೊಮ್ಮೆ ಬೇಜಾರಾಗುತ್ತದೆ. ಆಗಲಿ ಬಿಡಿ. ನಮ್ಮ ಸಕಲೇಶಪುರದ ಕಡೆ ಹಾಲು ಕರೆಯೋದು, ಸಗಣಿ ಬಾಚೋದು ಜಾಸ್ತಿ ಹೆಂಗಸರೇ. ಹಸು ನಿನ್ನೆ ಎಷ್ಟು ನೀರು ಕುಡಿಯಿತು, ಮೆಲುಕು ಹಾಕಿತಾ ಇಲ್ವಾ ಅನ್ನೋದು ಅವರಿಗೇ ಗೊತ್ತಿರುತ್ತದೆ.

ಇದನ್ನು ನನಗೆ ಮೊದಲು ಕಲಿಸಿದ್ದು ಸೇನೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದು ಮುಗಿಸಿ ರಿಮೌಂಟ್ ವೆಟರಿನರಿ ಕೋರ್ ಸೇರಿದ್ದೆ, ಶಾರ್ಟ್ ಸರ್ವಿಸ್ ಕಮಿಷನ್ ಮೇಲೆ, ಅಂದರೆ ಕೆಲವೇ ವರ್ಷದ ಮಟ್ಟಿಗೆ ಅಧಿಕಾರಿಯಾಗಿ. ಸೇನೆಯಲ್ಲಿ ದನದ ಡಾಕ್ಟ್ರಿಗೆ ಏನ್ ಕೆಲಸ ಅಂತ ಊರಲ್ಲಿ ಇವತ್ತಿಗೂ ಕೇಳುತ್ತಾರೆ. ಕುದುರೆ, ಹೇಸರಗತ್ತೆ, ನಾಯಿ ಇವುಗಳನ್ನು ಸಾಕಿ, ಪಳಗಿಸಿ, ಆರೋಗ್ಯ ನೋಡುವ ದಳ ಅದು. 1779ರಿಂದ ಅದರ ಲೆಕ್ಕ ಶುರು. ಕೇಂದ್ರ ಇರೋದು ಮೀರತ್‌ನಲ್ಲಿ. ನಮ್ಮ ಮುಧೋಳ ನಾಯಿಗಳನ್ನು 2016ರಲ್ಲಿ ತರಬೇತಿಗೆ ಒಯ್ದಿದ್ದೂ ಅಲ್ಲಿಗೇ. ಹಾಗೆ ನೋಡಿದರೆ ದನಕ್ಕೂ ಸೇನೆಗೂ ನಂಟು ನಮ್ಮ ಸೀಮೆಗೆ ಹೊಸದೇನಲ್ಲ. ಅಜ್ಜಂಪುರದ ಅಮೃತಮಹಲ್ ಎತ್ತುಗಳು ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದವು.

ನಾನು ಜಾಸ್ತಿ ಕಾಲ ಕಳೆದದ್ದು ಹೇಸರಗತ್ತೆಗಳ ಜೊತೆ. ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮೇಲಕ್ಕೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಎಲ್ಲಾ ಅವುಗಳ ಬೆನ್ನ ಮೇಲೆ. ಪ್ರತಿಯೊಂದಕ್ಕೂ ಗೊರಸಿನ ಮೇಲೆ ನಂಬರ್. ಸಂಜೆ ಇಳಿದು ಬಂದ ಮೇಲೆ ಜೀನು ಬಿಚ್ಚಿಸಿ, ಬೆನ್ನಿನ ಮೇಲೆ ಅಂಗೈ ಒತ್ತಿ, ಎಲ್ಲಾದರೂ ಬಿಸಿ ಇದೆಯಾ ಅಂತ ನೋಡುತ್ತಿದ್ದೆ. ಉಜ್ಜಿ ಹುಣ್ಣಾಗುವ ಮೊದಲು ಆ ಜಾಗ ಬಿಸಿಯಾಗಿರುತ್ತದೆ.

ಒಂದು ಸಂಜೆ ಒಬ್ಬ ಜವಾನ ತನ್ನ ಹೇಸರಗತ್ತೆ ಹಿಡಿದುಕೊಂಡು ಬಂದು, "ಸಾಬ್, ಇವತ್ತು ಇವನು ನೀರು ಮೂಸಿ ಬಿಟ್ಟ, ಕುಡಿಯಲಿಲ್ಲ" ಅಂದ. ಜ್ವರ ನೋಡಿದೆ, ನಾಡಿ ನೋಡಿದೆ, ಎಲ್ಲಾ ಸರಿ ಇತ್ತು. ಚಳಿಗೆ ಹಾಗೆ ಮಾಡ್ತಾನೆ ಅಂತ ಹೇಳಿ ಕಳಿಸಿದೆ. ನಡುರಾತ್ರಿ ಅದೇ ಹೇಸರಗತ್ತೆ ಪಕ್ಕೆ ತಿರುಗಿ ತಿರುಗಿ ನೋಡುತ್ತಾ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಹೊಟ್ಟೆ ಶೂಲೆ. ಕುದುರೆ ಜಾತಿಗೆ ವಾಂತಿ ಮಾಡೋಕೆ ಆಗಲ್ಲ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಗಾಳಿ ಬಿಡಿಸಬೇಕು. ಬಿಡಿಸಿದೆವು. ಆಮೇಲೆ ಬೆಳಗಾಗುವವರೆಗೂ ಆ ಜವಾನ ಅದನ್ನು ಹಿಡಿದು ಹಿಮದಲ್ಲಿ ನಡೆಸುತ್ತಲೇ ಇದ್ದ, ತನ್ನ ಕಂಬಳಿಯನ್ನು ಅದರ ಮೇಲೆ ಹೊದಿಸಿ. ಬದುಕಿತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ.

ಅಷ್ಟು ನೋಡಿದ್ದವನು ಊರಿಗೆ ಬಂದ ಮೊದಲ ವರ್ಷವೇ ಅದನ್ನು ಮರೆತೆ.

ಬಾಳ್ಳುಪೇಟೆ ಹತ್ತಿರ ಒಂದು ಮನೆ. ಒಂದೇ ಹಸು, ಅದರ ಹಾಲಿನಿಂದಲೇ ಸಂಸಾರ. ಮೇವು ಬಿಟ್ಟಿತ್ತು, ಹಾಲು ಅರ್ಧಕ್ಕರ್ಧ ಇಳಿದಿತ್ತು. ಅಜೀರ್ಣ ಅಂದುಕೊಂಡು ಪುಡಿ ಕೊಟ್ಟು, ಇಂಜೆಕ್ಷನ್ ಹಾಕಿ ಹೊರಟೆ. ಆ ಮನೆ ಅಕ್ಕ ಬೈಕ್‌ವರೆಗೂ ಹಿಂದೆ ಬಂದು, "ಡಾಕ್ಟ್ರೇ, ತೋಟದ ಏರು ಹತ್ತುತ್ತೆ, ಇಳಿಜಾರಲ್ಲಿ ಇಳಿಯಕ್ಕೆ ಮಾತ್ರ ಒಲ್ಲೆ ಅಂತದೆ, ಮಲಗುವಾಗ ನರಳ್ತದೆ" ಅಂದರು. ಸರಿಯಾಗುತ್ತೆ ಬಿಡಿ ಅಕ್ಕ ಅಂದು ಗಾಡಿ ಸ್ಟಾರ್ಟ್ ಮಾಡಿದೆ.

ಪಶುವೈದ್ಯ ಓದಿದ ಯಾರನ್ನು ಬೇಕಾದರೂ ಕೇಳಿ, ಇಳಿಜಾರು ಇಳಿಯದ ಹಸು ಅಂದರೆ ತಂತಿ ನುಂಗಿರಬಹುದು ಅನ್ನುತ್ತಾರೆ. ದನ ನಾಲಿಗೆಯಲ್ಲಿ ಬಾಚಿ ಹಾಗೇ ನುಂಗುತ್ತದೆ, ಅಗಿಯುವುದು ಆಮೇಲೆ. ದನದ ಹೊಟ್ಟೆಗೆ ನಾಲ್ಕು ಕೋಣೆ, ತಂತಿ, ಮೊಳೆ ಎರಡನೆಯದರಲ್ಲಿ ಕೂರುತ್ತವೆ. ಅದರ ಮುಂದೆ ವಪೆ, ಅಂದರೆ ಹೊಟ್ಟೆಗೂ ಎದೆಗೂ ನಡುವಿನ ಪರದೆ, ವಪೆಯ ಆಚೆ ಹೃದಯ. ಇಳಿಯುವಾಗ ಹೊಟ್ಟೆಯ ಭಾರವೆಲ್ಲಾ ಮುಂದಕ್ಕೆ ಬಂದು ಚುಚ್ಚುತ್ತದೆ. ಅಕ್ಕ ಇಡೀ ರೋಗವನ್ನೇ ನನ್ನ ಕೈಗೆ ಇಟ್ಟಿದ್ದರು.

ಮತ್ತೆ ಕರೆ ಬಂದಾಗ ಎದೆಯ ಕೆಳಗೆ ನೀರು ತುಂಬಿ ಊದಿತ್ತು, ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿ ನಿಂತಿತ್ತು. ಎರಡು ದಿನಕ್ಕೆ ಸತ್ತಿತು. ಕೊಯ್ದು ನೋಡಿದೆ. ಹೃದಯದ ಸುತ್ತ ಕೀವು, ಅದರೊಳಗೆ ಎರಡು ಇಂಚಿನ ತಂತಿ. ಪಕ್ಕದಲ್ಲಿ ಹೊಸ ಮನೆಗೆ ಮೋಲ್ಡ್ ಹಾಕಿದ್ದರು, ಕಂಬಿ ಕಟ್ಟಿದ ತಂತಿ ಚೂರು ಹುಲ್ಲಿಗೆ ಬಿದ್ದಿತ್ತು.

ತಂತಿ ತೊಳೆದು ಅಕ್ಕನ ಮುಂದೆ ಹಿಡಿದು, ನೀವು ಹೇಳಿದ್ದನ್ನ ನಾನು ಕೇಳಲಿಲ್ಲ, ತಪ್ಪು ನನ್ನದು ಅಂದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಂಗೇನ್ ಗೊತ್ತಾಯ್ತದೆ ಡಾಕ್ಟ್ರೇ, ನಾನ್ ಓದ್ದೋಳಲ್ಲ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ದನ ಸಾಕಿರೋರು ಇದನ್ನ ಓದುತ್ತಿದ್ದರೆ ನನ್ನದೊಂದು ಕೋರಿಕೆ. ಡಾಕ್ಟ್ರು ಅವಸರದಲ್ಲಿದ್ದರೂ ಕಂಡಿದ್ದೆಲ್ಲಾ ಹೇಳಿ, ಸಣ್ಣದು ಅಂತ ಬಿಡಬೇಡಿ. ಮನೆ ಕಟ್ಟಿಸುವ ಕಡೆಯಿಂದ ಹುಲ್ಲು ಕೊಯ್ದು ತರಬೇಡಿ. ಹೊಟ್ಟೆಯಲ್ಲೇ ಉಳಿದು ತಂತಿ ಹಿಡಿದಿಡುವ ಅಯಸ್ಕಾಂತ ಸಿಗುತ್ತದೆ, ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಮೊನ್ನೆ ರಾತ್ರಿ ಅದೇ ಅಕ್ಕನ ಮನೆಯಿಂದ ಫೋನ್. ಈಗ ಎರಡು ಹಸು. "ನಿನ್ನೆ ಕರು ಹಾಕಿದ್ದು ಮಲಗಿಬಿಟ್ಟದೆ, ಕಿವಿ ತಣ್ಣಗಾಗಿವೆ, ಕತ್ತು ಪಕ್ಕೆಗೆ ಹಾಕ್ಕೊಂಡದೆ. ಕ್ಯಾಲ್ಸಿಯಂ ತಗೊಂಡೇ ಬನ್ನಿ" ಅಂದರು. ಕರು ಹಾಕಿದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹಸು ಹೀಗೇ ಮಲಗಿಬಿಡುತ್ತದೆ. ಸೇನೆಯಲ್ಲಿ ಮಾಡುತ್ತಿದ್ದ ಹಾಗೆ ಬಾಟಲಿಯನ್ನು ಜಾಕೆಟ್ ಒಳಗೆ ಇಟ್ಟುಕೊಂಡು ಹೋದೆ, ತಣ್ಣಗಿದ್ದದ್ದನ್ನ ರಕ್ತಕ್ಕೆ ಬಿಡಬಾರದು. ಒಂದು ಕೈಯಲ್ಲಿ ಸ್ಟೆತಸ್ಕೋಪ್ ಎದೆಗೆ ಒತ್ತಿ ನಿಧಾನವಾಗಿ ಇಳಿಸಿದೆ, ಬೇಗ ಬಿಟ್ಟರೆ ಹೃದಯ ನಿಂತೇ ಹೋಗಬಹುದು. ಮೈ ಸಣ್ಣಗೆ ನಡುಗಿತು, ತೇಗಿತು, ಸಗಣಿ ಹಾಕಿತು. "ಈಗ ಏಳ್ತದೆ ನೋಡಿ" ಅಂದರು ಅಕ್ಕ, ನಾನು ಬಾಯಿ ತೆರೆಯುವ ಮೊದಲೇ.